ಬೀಜಗಣಿತಕ್ಕೆ ಬಹಿಷ್ಕಾರವೇಕೆ?

ಸಾಹಿತ್ಯವನ್ನೋ ಚರಿತ್ರೆಯನ್ನೋ ಓದಬಯಸಿ ಕಾಲೇಜನ್ನು ಸೇರಿದ ವಿದ್ಯಾರ್ಥಿಗೆ ಬೀಜಗಣಿತದಿಂದ ಆಗತಕ್ಕ ಪ್ರಯೋಜನವೇನೆಂಬ ಪ್ರಶ್ನೆಯು ಅಮೆರಿಕಾ ದೇಶದಲ್ಲಿ ದೊಡ್ಡ ವಿವಾದವಾಗಿ ಬೆಳೆದಿದೆ. 2012ರಲ್ಲಿ ರಾಜ್ಯಶಾಸ್ತ್ರದ ಪ್ರಾಧ್ಯಾಪಕರಾದ ಆಂಡ್ರ್ಯೂ ಹ್ಯಾಕರ್ ಎಂಬವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಈ ವಿದ್ಯೆಯು ಎಲ್ಲರಿಗೂ ಅವಶ್ಯವೇ ಎಂದು ಕೇಳಿದರು. 2017ರಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯು ವಿಜ್ಞಾನವನ್ನು ಅಭ್ಯಸಿಸದವರಿಗೆ ಮಧ್ಯಮ ಬೀಜಗಣಿತದ ಕಟ್ಟುಪಾಡನ್ನು ಸಡಿಲಿಸಿತು. ವರ್ಗಸಮೀಕರಣ, ಘಾತ, ಕರಣಿ ಮುಂತಾದ ವಿಷಯಗಳ ಪಾಠಕ್ಕೆ ಅಲ್ಲಿ ಈ ಹೆಸರು.

ಪೂರ್ವಪಕ್ಷವನ್ನು ನ್ಯಾಯವಾಗಿಯೇ ಮಂಡಿಸತಕ್ಕದ್ದು. ಆ ಪ್ರಾಂತದ ಕಮ್ಯೂನಿಟಿ ಕಾಲೇಜುಗಳಲ್ಲಿ ಹೊಸದಾಗಿ ಬಂದವರನ್ನು ಒಂದು ಪರೀಕ್ಷೆಗೆ ಗುರಿಮಾಡಿ, ಅದರಲ್ಲಿ ಹಿಂದೆಬಿದ್ದವರನ್ನು ಕಾಲೇಜಿನ ಮಟ್ಟಕ್ಕಿಂತ ಕೆಳಗಿನ ತರಗತಿಗಳಲ್ಲಿ ಕೂರಿಸುತ್ತಿದ್ದರು. ಒಂದು ಮೆಟ್ಟಲನ್ನು ಹತ್ತಿದರೆ ಮತ್ತೊಂದು ಮೆಟ್ಟಲು. ಪದವಿಯ ಮುಖವನ್ನೇ ಕಾಣದೆ ಹಿಂದಿರುಗಿದವರು ಬಹುಮಂದಿ. ಅವರಲ್ಲಿ ಬಡವರೇ ಹೆಚ್ಚು. ಈ ಕೇಡನ್ನು ತಪ್ಪಿಸಲು 2017ರಲ್ಲಿ ಅಲ್ಲಿ ಶಾಸನವೇ ಹುಟ್ಟಿತು. ಇಂಥ ಜರಡಿಯನ್ನು ಸಮರ್ಥಿಸುವುದು ಯಾವ ಉಪಾಧ್ಯಾಯನಿಗೂ ಶೋಭಿಸದು.

ಆದರೆ ಇದರಿಂದ ಸಿದ್ಧವಾಗುವುದು ಬೋಧನೆಯ ದೋಷವೇ ಹೊರತು ವಿದ್ಯೆಯ ದೋಷವಲ್ಲ. ಹಗ್ಗ ಹರಿಯಿತೆಂದು ಬಾವಿಯನ್ನು ಮುಚ್ಚುವವರುಂಟೆ?

ಇನ್ನು ನಿಷ್ಪ್ರಯೋಜನವೆಂಬ ಆಕ್ಷೇಪ. ಭಾಸ್ಕರಾಚಾರ್ಯರ ಬೀಜಗಣಿತದಲ್ಲಿ ಕಪಿಗಳ ಲೆಕ್ಕವೊಂದಿದೆ. ಹಿಂಡಿನ ಐದರಲ್ಲೊಂದು ಪಾಲಿನಿಂದ ಮೂರನ್ನು ಕಳೆದು ವರ್ಗಮಾಡಿದಷ್ಟು ಕಪಿಗಳು ಗುಹೆಯನ್ನು ಹೊಕ್ಕವು, ಕೊಂಬೆಯ ಮೇಲೆ ಒಂದು ಮಾತ್ರ ಕಾಣುತ್ತಿದೆ, ಹಿಂಡು ಎಷ್ಟು? ಗಣಿತವು 50 ಎಂದೂ 5 ಎಂದೂ ಎರಡು ಉತ್ತರಗಳನ್ನು ಕೊಡುತ್ತದೆ. 50ರ ಪಾಲು 10. ಮೂರನ್ನು ಕಳೆದರೆ 7. ಅದರ ವರ್ಗ 49. 5ರ ಪಾಲು 1. ಮೂರನ್ನು ಕಳೆದರೆ ಋಣ 2. ಅದರ ವರ್ಗ 4. ಕೊಂಬೆಯ ಕಪಿಯನ್ನು ಸೇರಿಸಿದರೆ ಎರಡು ಲೆಕ್ಕವೂ ಸರಿಹೋಗುತ್ತದೆ. ಆದರೂ ಒಂದು ಕಪಿಯಿಂದ ಮೂರು ಕಪಿಗಳನ್ನು ಕಳೆಯುವುದು ಲೋಕಕ್ಕೆ ಒಪ್ಪಿಗೆಯಾಗದೆಂದು ಆಚಾರ್ಯರು ಎರಡನೆಯ ಉತ್ತರವನ್ನು ಕೈಬಿಟ್ಟರು. ನಿಯಮದಿಂದ ಏನೇನು ಫಲಿಸುವುದೆಂದು ಕಡೆಯವರೆಗೆ ಕಂಡುಕೊಂಡು, ಅನಂತರ ಅದನ್ನು ಲೋಕದೊಡನೆ ಒರೆಹಚ್ಚಿ ನೋಡುವ ಈ ವಿವೇಕವು ನ್ಯಾಯಾಧೀಶನಿಗೆ ಬೇಡವೆ? ಚರಿತ್ರಕಾರನಿಗೆ ಬೇಡವೆ? ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯರು ಗಣಿತವು ಬೇಕಾಗುವ ವಿದ್ಯೆಗಳನ್ನು ಎಣಿಸುವಾಗ ಛಂದಸ್ಸು, ಅಲಂಕಾರ, ಕಾವ್ಯ, ತರ್ಕ, ವ್ಯಾಕರಣಗಳನ್ನೂ ಬಿಡಲಿಲ್ಲವೆಂಬುದನ್ನು ಸಾಹಿತ್ಯಾಭಿಮಾನಿಗಳು ನೆನೆಯಬೇಕು.

ಹಾಗಾದರೆ ವಿದ್ಯಾರ್ಥಿಗಳು ಸೋಲುವುದೇಕೆ? ಸೂತ್ರವನ್ನು ಉರುಹೊಡೆಸಿ, ಉಪಪತ್ತಿಯನ್ನು ಮುಚ್ಚಿಡುವುದರಿಂದ. ಒಂದು ಅವ್ಯಕ್ತದ ವರ್ಗದ ಎರಡರಷ್ಟಕ್ಕೆ ಅದೇ ಅವ್ಯಕ್ತದ ಮೂರರಷ್ಟನ್ನು ಕೂಡಿಸಿದರೆ 65 ಆಗುವುದೆಂದಿಟ್ಟುಕೊಳ್ಳಬಹುದು. ಶ್ರೀಧರಾಚಾರ್ಯರ ಕ್ರಮದಂತೆ, ವರ್ಗದ ಗುಣಕವಾದ 2ನ್ನು ನಾಲ್ಮಡಿಸಿ, ಬಂದ 8ರಿಂದ ಎರಡು ಪಕ್ಷಗಳನ್ನೂ ಗುಣಿಸಿ, ಅವ್ಯಕ್ತದ ಗುಣಕವಾದ 3ರ ವರ್ಗವನ್ನು ಎರಡು ಕಡೆಗೂ ಕೂಡಿಸಬೇಕು. ಆಗ ಒಂದು ಕಡೆ ಅವ್ಯಕ್ತದ ನಾಲ್ಮಡಿಗೆ 3 ಸೇರಿದ ಮೊತ್ತದ ವರ್ಗ. ಇನ್ನೊಂದು ಕಡೆ 529, ಅಂದರೆ 23ರ ವರ್ಗ. ಧನಮೂಲವನ್ನು ಹಿಡಿದರೆ ಅವ್ಯಕ್ತವು 5. ನಾಲ್ಮಡಿಸಿದುದೇಕೆ? ಭಿನ್ನರಾಶಿಯು ನಡುವೆ ಬಾರದೆ ಪೂರ್ಣವರ್ಗವು ಸಿದ್ಧವಾಗಲೆಂದು. ಈ ಒಂದು 'ಏಕೆ'ಯನ್ನು ತಿಳಿದವನು ಸೂತ್ರವನ್ನು ಮರೆತರೂ ಮತ್ತೆ ಕಟ್ಟಿಕೊಳ್ಳಬಲ್ಲನು. ತಿಳಿಯದವನು ಪರೀಕ್ಷೆಯ ಮರುದಿನವೇ ಬರಿಗೈಯಾಗುವನು. ಉಪಪತ್ತಿಯನ್ನರಿಯದ ಗಣಿತಜ್ಞನಿಗೆ ವಿದ್ವತ್ಸಭೆಯಲ್ಲಿ ಗೌರವವಿಲ್ಲವೆಂಬುದು ಭಾಸ್ಕರಾಚಾರ್ಯರ ಮತವೇ ಆಗಿದೆ.

ಬಹಿಷ್ಕಾರದಿಂದ ಕೆಡುವವರು ಯಾರು? ಸಿರಿವಂತನ ಮಗನಿಗೆ ಕಾಲೇಜು ಕಲಿಸದಿದ್ದುದನ್ನು ಮನೆಗೆ ಬರುವ ಗುರುಗಳು ಕಲಿಸುವರು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಹೊಸ್ತಿಲನ್ನು ತುಳಿದ ಹುಡುಗಿಗೆ ಬೇರೆ ಬಾಗಿಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ ಆಕೆಗೆ ದಯೆಯಿಂದ ಕೊಟ್ಟ ವಿನಾಯಿತಿಯು, ಇಪ್ಪತ್ತರಲ್ಲಿ ಅರ್ಥಶಾಸ್ತ್ರಕ್ಕೋ ವಿಜ್ಞಾನಕ್ಕೋ ತಿರುಗಬೇಕೆಂದಾಗ ಗೋಡೆಯಾಗಿ ನಿಲ್ಲುವುದು. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾವು ಬೀಜಗಣಿತದ ಎರಡನೆಯ ಭಾಗಕ್ಕೆ ಬದಲಾಗಿ ದತ್ತಾಂಶವಿಜ್ಞಾನದ ಪಾಠವನ್ನು ಒಪ್ಪಲು 2020ರಲ್ಲಿ ದಾರಿಮಾಡಿತು. 2023ರಲ್ಲಿ ಆ ದಾರಿಯನ್ನು ತಾನೇ ಮುಚ್ಚಿತು.

ಕನ್ನಡನಾಡಿನವರಿಗೆ ಇದು ದೂರದ ಜಗಳವಲ್ಲ. ಅಮೆರಿಕಾದವರು ವಾದಿಸಿ ಪಡೆಯುತ್ತಿರುವುದು ಇಲ್ಲಿ ವಾದವಿಲ್ಲದೆಯೇ ನಡೆದುಬಂದಿದೆ. ಪ್ರೀಯೂನಿವರ್ಸಿಟಿಯಲ್ಲಿ ಕಲಾವಿಭಾಗವನ್ನು ಹಿಡಿದ ಬಹುಪಾಲು ವಿದ್ಯಾರ್ಥಿಗಳಿಗೆ ಹತ್ತನೆಯ ತರಗತಿಯ ವರ್ಗಸಮೀಕರಣವೇ ಕೊನೆಯ ಬೀಜಗಣಿತ. ಇದರಿಂದ ಕಲಾವಿಭಾಗದ ಗೌರವವೇನಾದರೂ ಹೆಚ್ಚಿತೆ? ಗಣಿತಕ್ಕೆ ಅಂಜಿದವರ ಆಶ್ರಯಸ್ಥಾನವೆಂಬ ಹೀನಾಯವು ಮಾತ್ರ ಅದಕ್ಕೆ ಅಂಟಿಕೊಂಡಿತು.

ಆದುದರಿಂದ ಮಾಡತಕ್ಕದ್ದು ಇಷ್ಟು. ಕಲಾವಿಭಾಗದವರಿಗೂ ಒಂದು ವರ್ಷದ ಬೀಜಗಣಿತವಿರಲಿ. ಪಾಠಗಳು ಕಡಮೆಯಾಗಲಿ, ಉಪಪತ್ತಿಯು ಹೆಚ್ಚಲಿ. ಭಿನ್ನರಾಶಿ ಮತ್ತು ಧನಋಣಗಳಲ್ಲಿ ತೊಡಕುಳ್ಳವರಿಗೆ ಅದೇ ತರಗತಿಯ ಜೊತೆಯಲ್ಲಿ ನೆರವು ದೊರೆಯಲಿ. ಒಂದು ಪರೀಕ್ಷೆಯಲ್ಲಿ ಸೋತ ಮಾತ್ರಕ್ಕೆ ಪದವಿಯು ತಪ್ಪದಿರಲಿ. ಅಂಜಿಕೆಯುಳ್ಳವನನ್ನು ಕೈಹಿಡಿದು ಹೊಳೆ ದಾಟಿಸುವುದು ಗುರುವಿನ ಧರ್ಮ. ಹೊಳೆಯ ಆಚೆಗೆ ಊರೇ ಇಲ್ಲವೆಂದು ಹೇಳಿ ದಡದಲ್ಲಿ ಕೂರಿಸುವುದು ವಂಚನೆ.