ವೇಗಕ್ಕಿಂತ ಮೊದಲು ಅನುಪಾತ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ನಮ್ಮ ಕಾಲೇಜಿಗೆ ಬರುವ ಹಲವರ ಮನೆಯಲ್ಲಿ ಈಗ ಕಂಪ್ಯೂಟರ್ ಇದೆ. ಕೆಲವು ಹೊಸತು, ಕೆಲವು ಸೆಕೆಂಡ್ ಹ್ಯಾಂಡ್. ಗೇಮ್ ನಿಧಾನವಾದರೆ ಸಾಕು, ಯೂಟ್ಯೂಬ್ ನೋಡಿ ಬಯೋಸ್ ತೆರೆದು ಓವರ್‌ಕ್ಲಾಕ್ ಮಾಡಲು ಹೊರಡುತ್ತೇವೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಬೇರೆಯವರ ಕಂಪ್ಯೂಟರಿನ ಅಂಕಿಗಳನ್ನು ನಮ್ಮದಕ್ಕೆ ನಕಲು ಮಾಡುವುದು ಕಲಿಕೆಯಲ್ಲ.

ಇಲ್ಲಿ ಬಸ್ ಎಂದರೆ ಬಿ.ಸಿ.ರೋಡಿನಲ್ಲಿ ನಾವು ಕಾಯುವ ಬಸ್ಸಲ್ಲ. ಪ್ರೊಸೆಸರ್ ಮತ್ತು ಮೆಮೊರಿ ನಡುವೆ ಮಾಹಿತಿ ಸಾಗುವ ದಾರಿ. ಅದಕ್ಕೊಂದು ತಾಳವಿದೆ. ದಫ್ ತಂಡದಲ್ಲಿ ಮುಂದಾಳಿನ ತಾಳ ಚುರುಕಾದರೆ ಉಳಿದವರ ಕೈಯೂ ಚುರುಕಾಗಬೇಕು. ಹಾಗೆಯೇ ಬಸ್ ವೇಗ ಏರಿಸಿದರೆ ಪ್ರೊಸೆಸರಿನ ಜೊತೆಗೆ ಮೆಮೊರಿಯೂ ಏರುತ್ತದೆ.

2006ರಲ್ಲಿ ಬಂದ ಇಂಟೆಲ್ ಕೋರ್ 2 ಡ್ಯುಯೊ ಇ6600 ನೋಡಿ. ಬಸ್ 266 ಮೆಗಾಹರ್ಟ್ಸ್, ಅದನ್ನು 9ರಿಂದ ಗುಣಿಸಿದರೆ ಪ್ರೊಸೆಸರ್ ವೇಗ 2.4 ಗಿಗಾಹರ್ಟ್ಸ್. ಅದರ ಜೊತೆ ಡಿಡಿಆರ್2-800 ಮೆಮೊರಿ ಇದ್ದರೆ ಅದರ ಕ್ಲಾಕ್ 400. ಅಂದರೆ ಬಸ್ಸಿಗೂ ಮೆಮೊರಿಗೂ 2:3 ಅನುಪಾತ. ಈಗ ಬಸ್ಸನ್ನು 333ಕ್ಕೆ ಏರಿಸಿದರೆ ಪ್ರೊಸೆಸರ್ 3 ಗಿಗಾಹರ್ಟ್ಸ್ ಆಗುತ್ತದೆ. ಆದರೆ ಅನುಪಾತ ಬದಲಿಸದಿದ್ದರೆ ಮೆಮೊರಿ 500ಕ್ಕೆ ಹೋಗುತ್ತದೆ. 400ಕ್ಕೆಂದು ಮಾರಿದ ರ‍್ಯಾಮ್ ಅಷ್ಟನ್ನು ತಾಳದೆ ಕಂಪ್ಯೂಟರ್ ನಿಲ್ಲಬಹುದು. ನಾವು ಪ್ರೊಸೆಸರನ್ನು ದೂರುತ್ತೇವೆ! ಅನುಪಾತವನ್ನು 5:6 ಮಾಡಿದರೆ ಮೆಮೊರಿ ಮತ್ತೆ 400ರಲ್ಲೇ ಇರುತ್ತದೆ. ಇದು ಹೈಸ್ಕೂಲಿಗೆ ಮೊದಲೇ ಕಲಿತ ಲೆಕ್ಕ.

ಇಂದಿನ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಮೂಲ ಕ್ಲಾಕ್ ಸಾಮಾನ್ಯವಾಗಿ 100 ಮೆಗಾಹರ್ಟ್ಸ್. ಪ್ರೊಸೆಸರಿಗೂ ಮೆಮೊರಿಗೂ ಬೇರೆ ಬೇರೆ ಗುಣಕಗಳಿವೆ, ಹೆಚ್ಚಿನ ಮಾದರಿಗಳಲ್ಲಿ ಪ್ರೊಸೆಸರಿನ ಗುಣಕಕ್ಕೆ ಬೀಗ ಹಾಕಿರುತ್ತಾರೆ. ಆದ್ದರಿಂದ ಮೊದಲು ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿ ವೇಗ ನೋಡಿ. 3200 ಎಂದು ಬರೆದ ಡಿಡಿಆರ್4 ರ‍್ಯಾಮ್, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆನ್ ಮಾಡದ ಕಾರಣ 2133 ಅಥವಾ 2400ರಲ್ಲೇ ಓಡುತ್ತಿರಬಹುದು. ಹಣ ಕೊಟ್ಟು ಕೊಂಡ ವೇಗವನ್ನೇ ಬಳಸದೆ ಹೆಚ್ಚಿನದಕ್ಕೆ ಆಸೆಪಡುವುದೇಕೆ?

ನಮ್ಮ ಮನೆಗಳ ಕಂಪ್ಯೂಟರ್ ಒಬ್ಬರದಲ್ಲ. ಗಲ್ಫ್‌ನಲ್ಲಿ ದುಡಿಯುವ ಉಪ್ಪನ ಹಣ ಅದರಲ್ಲಿದೆ. ತಂಗಿಯ ಸ್ಕಾಲರ್‌ಶಿಪ್ ಅರ್ಜಿ, ಅಣ್ಣನ ಪ್ರಾಜೆಕ್ಟ್ ಅದರಲ್ಲೇ ಇವೆ. ಮೆಮೊರಿ ತಪ್ಪಿದರೆ ಫೈಲುಗಳು ಕೆಡುತ್ತವೆ. ಓವರ್‌ಕ್ಲಾಕ್‌ನಿಂದಾದ ಹಾನಿಗೆ ಸಾಮಾನ್ಯವಾಗಿ ವಾರಂಟಿಯೂ ಸಿಗದು. ನಮ್ಮ ಕರಾವಳಿಯ ಸೆಕೆಯಲ್ಲಿ ಪ್ರೊಸೆಸರ್ ತಂಪಾಗಿಡುವುದೂ ಸುಲಭವಲ್ಲ.

ಹಾಗೆಂದು ಹೆದರಿ ಸುಮ್ಮನಿರಬೇಕಿಲ್ಲ. ಲ್ಯಾಬಿನಲ್ಲಿ ಬಳಕೆಗೆ ಬಾರದ ಒಂದು ಹಳೆಯ ಕಂಪ್ಯೂಟರನ್ನು ಇಂಥ ಪ್ರಯೋಗಕ್ಕೇ ಬಿಟ್ಟುಕೊಡಬೇಕೆಂದು ನಮ್ಮ ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ. ಮೊದಲು ಹಾಳೆಯಲ್ಲಿ ಲೆಕ್ಕ ಮಾಡೋಣ, ಆಮೇಲೆ ಸ್ವಲ್ಪ ಸ್ವಲ್ಪವೇ ಏರಿಸೋಣ, ಪ್ರತಿ ಸಲವೂ ಮೆಮ್‌ಟೆಸ್ಟ್86ರಲ್ಲಿ ಪರೀಕ್ಷಿಸೋಣ. ಅಲ್ಲಿ ಕಂಪ್ಯೂಟರ್ ನಿಂತರೂ ಪಾಠ ಉಳಿಯುತ್ತದೆ.