'ನೋಡೋಣ' ಎನ್ನುವ ಮಕ್ಕಳು

ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ, ವಿಜಯಪುರದ ರೇಷ್ಮೆ ಘಟಕಗಳಲ್ಲಿ, ಹೊಸಕೋಟೆ-ನೆಲಮಂಗಲದ ಗ್ಯಾರೇಜುಗಳಲ್ಲಿ ದುಡಿದು ಮಕ್ಕಳನ್ನು ಕಾಲೇಜಿಗೆ ಕಳುಹಿಸುತ್ತಿರುವ ಹೆತ್ತವರನ್ನು ಇಂದು ಒಂದು ಚಿಂತೆ ಕಾಡುತ್ತಿದೆ. ಮಗ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾನೆ. ಮುಂದೇನು ಎಂದು ಕೇಳಿದರೆ, "ನೋಡೋಣ ಅಬ್ಬಾ" ಎನ್ನುತ್ತಾನೆ. ಮಾತು ಅಲ್ಲಿಗೇ ನಿಲ್ಲುತ್ತದೆ, ಇಲ್ಲವೇ ಜಗಳಕ್ಕೆ ತಿರುಗುತ್ತದೆ.

ಇದನ್ನು ಸೋಮಾರಿತನವೆಂದು ತೀರ್ಮಾನಿಸುವ ಮುನ್ನ ತುಸು ಹಿಂದಕ್ಕೆ ನೋಡಬೇಕು. ದೇಶದಲ್ಲಿ 20 ವರ್ಷ ದಾಟಿದ ಮುಸ್ಲಿಮರ ಪೈಕಿ ಪದವಿ ಅಥವಾ ಡಿಪ್ಲೊಮಾ ಪಡೆದವರು ನೂರಕ್ಕೆ ನಾಲ್ವರಿಗಿಂತಲೂ ಕಡಿಮೆ ಎಂದು 2006ರ ಸಾಚಾರ್ ಸಮಿತಿ ವರದಿ ಹೇಳಿತ್ತು. ಇಂದು ಕಾಲೇಜಿನಲ್ಲಿರುವವರು ಆ ಪೀಳಿಗೆಯ ಮಕ್ಕಳು. ವಕೀಲರ ಮಗನಿಗೆ ನ್ಯಾಯಾಲಯದ ವ್ಯವಹಾರ ಊಟದ ಹೊತ್ತಿನಲ್ಲೇ ಕಿವಿಗೆ ಬೀಳುತ್ತದೆ. ನಮ್ಮ ಮಗ ಕೇಳಿ ಬೆಳೆದದ್ದು ನೂಲಿನ ಬೆಲೆ, ಮನೆ ಬಾಡಿಗೆ, ಸಾಲದ ಕಂತು. ಅವನು ಕಾಮರ್ಸ್ ಆರಿಸಿಕೊಂಡದ್ದಾದರೂ ಹೇಗೆ? ಗೆಳೆಯ ಅಲ್ಲಿ ಸೇರಿದ್ದ, ಶುಲ್ಕ ಕಡಿಮೆಯಿತ್ತು, ಬಸ್ಸು ಸಿಗುತ್ತಿತ್ತು! ಅಂದು ಯಾರೂ ಅವನನ್ನು ಕೂರಿಸಿಕೊಂಡು ಮಾತನಾಡಲಿಲ್ಲ.

2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಆರಂಭವಾದ ಬಳಿಕ ಮತ್ತೊಂದು ಸೆಳೆತ ಸೇರಿಕೊಂಡಿದೆ. ಟ್ಯಾಕ್ಸಿ, ಗೋದಾಮು, ಡೆಲಿವರಿ ಎಂದು ಕೈಗೆ ಬೇಗ ಹಣ ಬರುವ ಕೆಲಸಗಳು ಮನೆಯ ಹತ್ತಿರವೇ ಇವೆ. ದುಡಿಮೆ ಎಂದಿಗೂ ಕೀಳಲ್ಲ. ಆದರೆ ಪದವಿಯ ಅಂತಿಮ ವರ್ಷವನ್ನು ಅರ್ಧಕ್ಕೆ ಬಿಡಿಸುವ ದುಡಿಮೆಯ ಬೆಲೆಯನ್ನು ಹುಡುಗ ಮೂವತ್ತರ ವಯಸ್ಸಿನಲ್ಲಿ ತೆರಬೇಕಾಗುತ್ತದೆ. ದುಬೈಯಲ್ಲಿರುವ ಮಾಮುವಿನ ಮಗನ ಉದಾಹರಣೆ ಕೊಟ್ಟು ಚುಚ್ಚುವುದರಿಂದ ಅವನು ಮನೆಗೆ ತಡವಾಗಿ ಬರುವುದನ್ನು ಕಲಿಯುತ್ತಾನೆಯೇ ಹೊರತು ಬೇರೇನನ್ನೂ ಅಲ್ಲ.

ಕೇಳಬೇಕಾದದ್ದು 'ಏನಾಗುತ್ತೀಯ' ಎಂದಲ್ಲ, 'ಈ ರಜೆಯಲ್ಲಿ ಯಾವ ಕೆಲಸವನ್ನು ಹತ್ತಿರದಿಂದ ನೋಡುತ್ತೀಯ' ಎಂದು. ಪರಿಚಯದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಒಂದು ತಿಂಗಳು ಕುಳಿತರೆ ಆ ವೃತ್ತಿ ತನಗೆ ಒಗ್ಗುತ್ತದೆಯೋ ಇಲ್ಲವೋ ಎಂಬುದು ಅವನಿಗೇ ತಿಳಿಯುತ್ತದೆ. ಬಿ.ಕಾಂ.ನಲ್ಲಿ ಶೇಕಡಾ 55 ಅಂಕ ಪಡೆದವರು ಸಿ.ಎ. ಫೌಂಡೇಷನ್ ಪರೀಕ್ಷೆ ಬರೆಯದೆಯೇ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ನೋಂದಾಯಿಸಬಹುದು ಎಂಬ ಸಂಗತಿ ಎಷ್ಟು ಮನೆಗಳಿಗೆ ಗೊತ್ತಿದೆ? ಓದು ಒಗ್ಗದವನಿಗೆ ಡಿಪ್ಲೊಮಾ, ಐ.ಟಿ.ಐ.ಗಳಿವೆ, ಡಿಪ್ಲೊಮಾ ಮುಗಿಸಿದವರಿಗೆ ಇಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಪ್ರವೇಶವೂ ಉಂಟು. ರಾಜ್ಯ ಸರಕಾರ 2023ರ ಡಿಸೆಂಬರ್‌ನಲ್ಲಿ ನೋಂದಣಿ ಆರಂಭಿಸಿದ ಯುವನಿಧಿಯು ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿಯಂತೆ ಗರಿಷ್ಠ ಎರಡು ವರ್ಷಕ್ಕೆ ಘೋಷಿಸಿದ ಭತ್ಯೆ. ಅದು ಅರ್ಜಿ, ಪ್ರಯಾಣ, ಪುಸ್ತಕಗಳ ಖರ್ಚಿಗೆ ಒದಗೀತು, ದಾರಿಯನ್ನು ತೋರಿಸದು.

ಇಷ್ಟೆಲ್ಲ ಚಿಂತೆ ಮಗನ ಕುರಿತಾದದ್ದು. ಅದೇ ಮನೆಯಲ್ಲಿ, ಅದೇ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಅವನಿಗಿಂತ ಹೆಚ್ಚು ಅಂಕ ತರುವ ಮಗಳನ್ನು 'ಮುಂದೇನು' ಎಂದು ಯಾರೂ ಕೇಳುವುದೇ ಇಲ್ಲ. ಸಂಬಂಧ ಕುದುರುವವರೆಗೆ ಓದಲಿ ಎಂಬುದು ನಮ್ಮ ಬಹಳಷ್ಟು ಮನೆಗಳ ಉತ್ತರ. ಅವಳ ಬಳಿ ಹೇಳಲು ಏನೋ ಇರಬಹುದು.