ಕಂತು ಬರೆದುಕೊಡುವ ಸ್ಕ್ಯಾನ್

ಕಳೆದ ತಿಂಗಳು ಗದಗಿನಿಂದ ಅಣ್ಣನ ಮಗಳು ಫೋನ್ ಮಾಡಿದಳು. ಸ್ತ್ರೀರೋಗ ವಿಭಾಗದಲ್ಲಿ ಎಂ.ಎಸ್. ಮುಗಿಸಿ, ಎರಡು ವರ್ಷ ಬೇರೆಯವರ ಆಸ್ಪತ್ರೆಯಲ್ಲಿ ದುಡಿದು, ಈಗ ಸ್ವಂತ ಕ್ಲಿನಿಕ್ ತೆರೆಯುವ ತಯಾರಿಯಲ್ಲಿದ್ದಾಳೆ. "ಕಾಕಾ, ಸೋನೋಗ್ರಫಿ ಮಷೀನಿಂದು ಎರಡು ಕೊಟೇಶನ್ ಕಳಿಸೀನಿ, ನೋಡ್ರಿ. ಒಂದು ಎಂಟು ಲಕ್ಷದ್ದು, ಇನ್ನೊಂದು ಇಪ್ಪತ್ತು ಲಕ್ಷದ್ದು. ದೊಡ್ಡದರಾಗ ಫೋರ್-ಡಿ ಐತಿ. ಎಲ್ಲಾರೂ ಅದನ್ನ ತಗೋ ಅಂತಾರ."

ಎಲ್ಲಾರೂ ಅಂದರೆ ಯಾರು ಎಂದು ಕೇಳಿದೆ. ಕಂಪನಿಯ ಸೇಲ್ಸ್ ಹುಡುಗ, ಸಾಲ ಕೊಡಲು ಮುಂದೆ ಬಂದ ಬ್ಯಾಂಕಿನವರು, ಕಳೆದ ವರ್ಷ ಅಂಥದ್ದೇ ಯಂತ್ರ ಕೊಂಡ ಇಬ್ಬರು ಸಹಪಾಠಿಗಳು. ಪಟ್ಟಿ ಅಲ್ಲಿಗೆ ಮುಗಿಯಿತು. ಗದಗಿನ ಯಾವ ಬಸುರಿ ಹೆಂಗಸೂ ಅದರಲ್ಲಿರಲಿಲ್ಲ.

ಡೊಂಬಿವಲಿಯಲ್ಲಿ ಚಿಕ್ಕ ಹೆರಿಗೆ ಆಸ್ಪತ್ರೆ ನಡೆಸುತ್ತ ನನಗೆ ಮೂವತ್ತು ವರ್ಷ ಹತ್ತಿರವಾಯಿತು. ಅಷ್ಟು ಕಾಲದ ಅನುಭವದಿಂದ, ಒಂದು ದೊಡ್ಡ ತಪ್ಪಿನಿಂದ ಕೂಡ, ಹೇಳುತ್ತೇನೆ: ನಮ್ಮ ಸಣ್ಣ ಕ್ಲಿನಿಕ್ಕುಗಳಲ್ಲಿ ಅಲ್ಟ್ರಾಸೌಂಡ್ ಯಂತ್ರವನ್ನು ನಾವು ತಿರುಗಾಮುರುಗಾ ಆರಿಸುತ್ತಿದ್ದೇವೆ. ಮೊದಲು ಪರದೆ ನೋಡುತ್ತೇವೆ, ಆಮೇಲೆ ಸಾಲ ನೋಡುತ್ತೇವೆ, ಕಟ್ಟಕಡೆಗೆ ರೋಗಿಯನ್ನು ನೋಡುತ್ತೇವೆ. ಹೀಗೆ ಬಂದ ಯಂತ್ರ ವೈದ್ಯನ ಮಾತು ಕೇಳುವುದಿಲ್ಲ. ವೈದ್ಯನೇ ಅದರ ಮಾತು ಕೇಳಬೇಕಾಗುತ್ತದೆ. ನಿಮ್ಮಲ್ಲಿ ಹೆಚ್ಚಿನವರು ವೈದ್ಯರಲ್ಲ, ಗೊತ್ತು. ಆದರೆ ಆ ಯಂತ್ರದ ಕಂತು ಕಟ್ಟುವವರು ನೀವೇ. ಆದ್ದರಿಂದ ಇದು ನಿಮ್ಮ ವಿಷಯವೂ ಹೌದು.

ಲೆಕ್ಕ ಸರಳವಾಗಿದೆ. 20 ಲಕ್ಷ ಸಾಲ, ಶೇ. 11 ಬಡ್ಡಿ, ಐದು ವರ್ಷದ ಅವಧಿ ಎಂದು ಹಿಡಿಯೋಣ. ತಿಂಗಳ ಕಂತು ಸುಮಾರು 43,500 ರೂಪಾಯಿ. ಅದೇ ಷರತ್ತಿನಲ್ಲಿ 8 ಲಕ್ಷಕ್ಕೆ ಸುಮಾರು 17,400. ಖರ್ಚು ಕಳೆದು ಒಂದು ಸ್ಕ್ಯಾನಿನಿಂದ 600 ರೂಪಾಯಿ ಉಳಿಯುತ್ತದೆ ಎಂದುಕೊಂಡರೆ, ಚಿಕ್ಕ ಯಂತ್ರದ ಕಂತು ತೀರಿಸಲು ತಿಂಗಳಿಗೆ 29 ಸ್ಕ್ಯಾನ್ ಸಾಕು. ದೊಡ್ಡದಕ್ಕೆ 73 ಬೇಕು. ಹೊಸ ಕ್ಲಿನಿಕ್ಕಿಗೆ ಹೆಚ್ಚಿನ ಆ 44 ಮಂದಿ ಎಲ್ಲಿಂದ ಬರಬೇಕು? ಊರಲ್ಲಿ ಬಸುರಿಯರ ಸಂಖ್ಯೆ ನಿಮ್ಮ ಸಾಲ ನೋಡಿ ಏರುವುದಿಲ್ಲ. ಆದ್ದರಿಂದ ಇದ್ದವರಿಗೇ ಹೆಚ್ಚು ಸ್ಕ್ಯಾನ್ ಬರೆಯಬೇಕು, ಇಲ್ಲವೇ ಕಳಿಸಿಕೊಟ್ಟವರಿಗೆ ಕಮಿಷನ್ ಕೊಟ್ಟು ಬೇರೆಡೆಯಿಂದ ತರಿಸಿಕೊಳ್ಳಬೇಕು.

ಯಾರೂ ಕೆಟ್ಟವರಾಗಿ ಇದನ್ನು ಶುರುಮಾಡುವುದಿಲ್ಲ. ಒಂದನೇ ತಾರೀಕು ಹತ್ತಿರ ಬಂದಾಗ "ಒಂದು ಸಲ ನೋಡಿಬಿಡೋಣಮ್ಮ, ಸಮಾಧಾನಕ್ಕೆ" ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಚೀಟಿ ಬರೆಯುವ ಕೈ ವೈದ್ಯನದು, ಬರೆಸುವುದು ಕಂತು. ಬಸುರಿಗೆ 24 ವಾರದೊಳಗೆ ಒಂದು ಸ್ಕ್ಯಾನ್ ಆಗಲೇಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2016ರ ಶಿಫಾರಸು. ನಮ್ಮಲ್ಲಿ ರೂಢಿಯಲ್ಲಿರುವ 11ರಿಂದ 14 ವಾರದ ಸ್ಕ್ಯಾನ್, 18ರಿಂದ 20 ವಾರದ ಅಂಗರಚನೆಯ ಸ್ಕ್ಯಾನ್, ಕೊನೆಯ ತಿಂಗಳುಗಳಲ್ಲಿ ಬೆಳವಣಿಗೆ ನೋಡಲು ಮತ್ತೊಂದು, ಇವಕ್ಕೆಲ್ಲ ಕಾರಣವಿದೆ. ತೊಡಕಿನ ಬಸಿರಿಗೆ ಇನ್ನೂ ಹೆಚ್ಚು ಬೇಕಾಗಬಹುದು. ಆದರೆ ಪ್ರತಿ ಭೇಟಿಗೂ ಒಂದು ಸ್ಕ್ಯಾನ್ ಆಗುತ್ತಿದ್ದರೆ ಅದರ ಕಾರಣವನ್ನು ಹೊಟ್ಟೆಯಲ್ಲಲ್ಲ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಹುಡುಕಬೇಕು.

ಇನ್ನು ನನ್ನ ತಪ್ಪು. 2008ರಲ್ಲಿ ಹಳೆಯ ಯಂತ್ರವನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಂದೆ. ಮಗುವಿನ ಮುಖ ತೋರಿಸುವ ಫೋರ್-ಡಿ ಪ್ರೋಬು ಅದರ ಜೊತೆ ಬಂತು. ಹಳೆಯದರಲ್ಲಿದ್ದ ಟಿವಿಎಸ್ ಪ್ರೋಬು, ಅಂದರೆ ಯೋನಿಮಾರ್ಗದಿಂದ ನೋಡುವ ಪ್ರೋಬು, ಹೊಸದಕ್ಕೆ ಹೊಂದುವುದಿಲ್ಲ ಎಂದು ತಿಳಿದದ್ದು ಸಹಿ ಹಾಕುವ ಹೊತ್ತಿಗೆ. ಒಂದು ಕಂಪನಿಯ ಪ್ರೋಬು ಇನ್ನೊಂದಕ್ಕೆ ಕೂಡುವುದಿಲ್ಲ. ಎಷ್ಟೋ ಸಲ ಅದೇ ಕಂಪನಿಯ ಬೇರೆ ಮಾದರಿಗೂ ಕೂಡುವುದಿಲ್ಲ. ಬಜೆಟ್ಟು ಮುಗಿದಿತ್ತು. ಟಿವಿಎಸ್ ಮುಂದಿನ ವರ್ಷ ನೋಡೋಣ ಅಂದುಕೊಂಡೆ.

ನಾಲ್ಕು ತಿಂಗಳಿಗೆ ಒಬ್ಬಾಕೆ ಬಂದಳು. ಆರು ವಾರದ ಬಸಿರು, ಹೊಟ್ಟೆಯ ಒಂದು ಬದಿ ನೋವು. ಹೊಟ್ಟೆಯ ಮೇಲಿಂದ ನೋಡಿದೆ, ಏನೂ ಸ್ಪಷ್ಟವಾಗಲಿಲ್ಲ. ಬೇರೆ ಸೆಂಟರಿಗೆ ಚೀಟಿ ಬರೆದುಕೊಟ್ಟೆ. ಅಲ್ಲಿ ಸಂಜೆಗೆ ಸರದಿ ಸಿಕ್ಕಿತು. ಬಸಿರು ಗರ್ಭಕೋಶದಲ್ಲಿರದೆ ನಾಳದಲ್ಲಿ ಕೂತಿತ್ತು. ಸರದಿ ಬರುವ ಮೊದಲೇ ನಾಳ ಒಡೆದಿತ್ತು. ಮೂರು ಬಾಟಲಿ ರಕ್ತ ಕೊಟ್ಟು, ರಾತ್ರಿ ಆಪರೇಷನ್ ಮಾಡಿ ಆಕೆಯನ್ನು ಉಳಿಸಿಕೊಂಡೆವು. ಮಗುವಿನ ಮುಖ ತೋರಿಸುವ ಯಂತ್ರ ನನ್ನ ಕೋಣೆಯಲ್ಲಿ ಮಿನುಗುತ್ತ ನಿಂತಿತ್ತು. ಬೆಳಗ್ಗೆಯೇ ಉತ್ತರ ಕೊಡಬಹುದಾಗಿದ್ದ ಪ್ರೋಬನ್ನು ನಾನೇ ಬಿಟ್ಟುಕೊಟ್ಟಿದ್ದೆ.

ಅಲ್ಟ್ರಾಸೌಂಡ್ ಹುಟ್ಟಿದ್ದು ಇದಕ್ಕೆ ತೀರ ವಿರುದ್ಧವಾದ ರೀತಿಯಲ್ಲಿ. ಗ್ಲಾಸ್ಗೋದ ಸ್ತ್ರೀರೋಗ ವೈದ್ಯ ಇಯಾನ್ ಡೊನಾಲ್ಡ್‌ಗೆ ಇದ್ದದ್ದು ಒಂದೇ ಪ್ರಶ್ನೆ: ಹೊಟ್ಟೆಯೊಳಗಿನ ಗಡ್ಡೆ ಗಟ್ಟಿಯೋ, ನೀರು ತುಂಬಿದ್ದೋ? ಉತ್ತರ ಕೊಡುವ ಯಂತ್ರ ವೈದ್ಯಲೋಕದಲ್ಲಿ ಇರಲಿಲ್ಲ. ಲೋಹದಲ್ಲಿನ ಬಿರುಕು ಪತ್ತೆಹಚ್ಚುವ ಕಾರ್ಖಾನೆಯ ಯಂತ್ರದ ಬಳಿಗೆ, ಕತ್ತರಿಸಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಅವರೇ ಹೋದರು. ಅದು 1955. ಮೂರು ವರ್ಷದ ನಂತರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಬಂಧ ಬಂತು. ವಾಸಿಯಾಗದ ಜಠರದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಹೆಂಗಸೊಬ್ಬಳಿಗೆ ಇದ್ದದ್ದು ಅಂಡಾಶಯದ ದೊಡ್ಡ ನೀರುಗಡ್ಡೆ ಎಂದು ಆ ಒರಟು ಯಂತ್ರ ತೋರಿಸಿಕೊಟ್ಟಿತ್ತು. ಗಡ್ಡೆ ತೆಗೆದರು, ಆಕೆ ಬದುಕಿದಳು. ಅಲ್ಲಿ ಪ್ರಶ್ನೆ ಮೊದಲು ಬಂತು, ಯಂತ್ರ ಆಮೇಲೆ. ನಾವು ಯಂತ್ರ ತಂದಿಟ್ಟುಕೊಂಡು ಪ್ರಶ್ನೆ ಹುಡುಕುತ್ತಿದ್ದೇವೆ.

ಕೊಟೇಶನ್ನಿನಲ್ಲಿ ಪ್ರೋಬುಗಳ ಸಾಲು ಕೆಳಗಡೆ ಚಿಕ್ಕ ಅಕ್ಷರದಲ್ಲಿರುತ್ತದೆ. ಓದಬೇಕಾದ್ದು ಅದನ್ನೇ ಮೊದಲು. ಶಬ್ದದ ಆವರ್ತನ ಹೆಚ್ಚಾದಷ್ಟು ಚಿತ್ರ ಸೂಕ್ಷ್ಮ, ಆದರೆ ಆಳ ಕಡಿಮೆ. ಇದು ನಿಸರ್ಗದ ನಿಯಮ. ಯಾವ ಸಾಫ್ಟ್‌ವೇರೂ ಇದರಿಂದ ಪೂರ್ತಿ ತಪ್ಪಿಸಿಕೊಳ್ಳಲಾರದು. ಹೊಟ್ಟೆ ನೋಡಲು 2ರಿಂದ 5 ಮೆಗಾಹರ್ಟ್ಸಿನ ಬಾಗಿದ ಪ್ರೋಬು, ಥೈರಾಯ್ಡ್ ಮತ್ತು ಸ್ತನ ನೋಡಲು ಅದಕ್ಕಿಂತ ಮೇಲಿನ ಆವರ್ತನದ ನೇರ ಪ್ರೋಬು, ಗರ್ಭಕೋಶವನ್ನು ಹತ್ತಿರದಿಂದ ನೋಡಲು ಟಿವಿಎಸ್. ನಿಮ್ಮ ಬಾಗಿಲಿಗೆ ಬರುವ ನೂರು ಜನರಲ್ಲಿ ಯಾರಿಗೆ ಯಾವುದು ಬೇಕು ಎಂದು ಬರೆದುಕೊಂಡರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ. ಇನ್ನು ಫೋರ್-ಡಿ ಪ್ರೋಬು. ಅದರ ಹೊಟ್ಟೆಯೊಳಗೆ ತಿರುಗುವ ಮೋಟಾರಿದೆ, ಎಣ್ಣೆಯಂಥ ದ್ರವವಿದೆ. ತೂಕ ಹೆಚ್ಚು, ಬೆಲೆ ಹೆಚ್ಚು, ಕೆಡುವ ಭಾಗಗಳೂ ಹೆಚ್ಚು. ಸೀಳುತುಟಿಯಂಥದ್ದನ್ನು ನೋಡುವಾಗ ತಜ್ಞರಿಗೆ ಅದು ಸಹಾಯಕ, ನಿಜ. ಆದರೆ ಸಾಮಾನ್ಯ ಕ್ಲಿನಿಕ್ಕಿನಲ್ಲಿ ಅದರ ಮುಖ್ಯ ಕೆಲಸ ಮನೆಯವರಿಗೆ ಫೋಟೋ ಕೊಡುವುದು. ಬರೀ ನೆನಪಿನ ಚಿತ್ರಕ್ಕಾಗಿ ಅಲ್ಟ್ರಾಸೌಂಡ್ ಮಾಡಿಸಬೇಡಿ ಎಂದು ಅಮೆರಿಕದ ಎಫ್‌ಡಿಎ ಜನರಿಗೆ ಹೇಳುತ್ತಲೇ ಬಂದಿದೆ.

ನಮ್ಮ ಆಯ್ಕೆಯಲ್ಲಿ ಕಾನೂನೂ ಒಂದು ಪಾತ್ರ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ, 2003ರ ತಿದ್ದುಪಡಿಯ ನಂತರ, ನಮ್ಮ ದೇಶದಲ್ಲಿ ಅಲ್ಟ್ರಾಸೌಂಡ್ ಯಂತ್ರವನ್ನು ಟಿವಿ ಫ್ರಿಜ್ಜಿನ ಹಾಗೆ ಕೊಳ್ಳಲು ಬಿಡುವುದಿಲ್ಲ. ನೋಂದಣಿ ಇಲ್ಲದವರಿಗೆ ಮಾರುವಂತಿಲ್ಲ. ಬಸುರಿಯ ಪ್ರತಿ ಸ್ಕ್ಯಾನಿಗೂ 'ಎಫ್' ಫಾರಂ ತುಂಬಬೇಕು. ಅದರಲ್ಲಿ ಕೊರತೆಯಾದರೆ ಅದೇ ಅಪರಾಧ ಎನ್ನುವ ನಿಯಮವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಎತ್ತಿಹಿಡಿಯಿತು. ಪೋರ್ಟಬಲ್ ಯಂತ್ರ ತಂದು ಸೋಮವಾರ ಒಂದೂರು, ಗುರುವಾರ ಇನ್ನೊಂದೂರು ಎಂದು ಹೊತ್ತು ತಿರುಗಿ ಕಂತು ತೀರಿಸುವ ಯೋಜನೆಗೆ 2012ರಿಂದ ನಿಯಮದಲ್ಲೇ ಜಾಗವಿಲ್ಲ. ನಮ್ಮ ವೈದ್ಯರ ಸಭೆಗಳಲ್ಲಿ ಈ ಕಾಯ್ದೆಯನ್ನು ಬೈಯದ ದಿನವಿಲ್ಲ. ಒಂದು ಖಾಲಿ ಕಾಲಮ್ಮಿಗೆ ಯಂತ್ರಕ್ಕೆ ಸೀಲು ಹಾಕುವುದು ಅತಿಯಾಯಿತು ಎಂದು ನನಗೂ ಎಷ್ಟೋ ಸಲ ಅನ್ನಿಸಿದೆ.

ಆದರೆ ಬೈಯುವ ಮೊದಲು 2023ರ ಕೊನೆಯಲ್ಲಿ ಮಂಡ್ಯದಿಂದ ಬಂದ ಸುದ್ದಿ ನೆನಪಿಸಿಕೊಳ್ಳಿ. ಬೆಲ್ಲ ಬೇಯಿಸುವ ಆಲೆಮನೆಯಲ್ಲಿ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಹೇಳುತ್ತಿದ್ದ ಜಾಲ ಬಯಲಾಯಿತು. ದೇಶದ ಮಕ್ಕಳಲ್ಲಿ, ಆರು ವರ್ಷದವರೆಗಿನವರನ್ನು ಎಣಿಸಿದರೆ, ಸಾವಿರ ಗಂಡಿಗೆ 1991ರಲ್ಲಿ 945 ಹೆಣ್ಣಿದ್ದದ್ದು 2001ಕ್ಕೆ 927ಕ್ಕೆ ಇಳಿದಿತ್ತು. ಆ ಇಳಿತದಲ್ಲಿ ನಮ್ಮ ಯಂತ್ರಗಳ ಪಾಲಿದೆ. ಅದಕ್ಕೇ ಅವುಗಳ ಮೇಲೆ ಕಣ್ಣಿಡಲಾಗಿದೆ. ಯಂತ್ರ ಹೊಟ್ಟೆ ತುಂಬಿಸಿಕೊಳ್ಳಲು ವೈದ್ಯನನ್ನು ದೂಡುತ್ತದೆ ಎಂದೆನಲ್ಲ, ಆ ದೂಡುವಿಕೆ ಕೊನೆಗೆ ಮುಟ್ಟಬಹುದಾದ ಜಾಗ ಆಲೆಮನೆ. ಬಿಡಿಸಿಕೊಳ್ಳಲಾಗದ ಸಾಲದಲ್ಲಿರುವ ವೈದ್ಯನ ಬಳಿ ಯಾರೋ ಒಬ್ಬ ಹತ್ತು ಸಾವಿರ ಹಿಡಿದು ಬಂದು ನಿಲ್ಲುವುದು ತುಂಬ ಸುಲಭ. ಸಾಲ ಚಿಕ್ಕದಿದ್ದವನಿಗೆ "ಎದ್ದು ಹೋಗಯ್ಯ" ಎನ್ನುವುದು ಸುಲಭ.

"ಹಾಗಾದರೆ ಅಗ್ಗದ್ದು ಕೊಂಡು ಕೂರಬೇಕೇನು? ಚಿತ್ರ ಮಸುಕಾಗಿ ಭ್ರೂಣದ ಹೃದಯದ ದೋಷ ತಪ್ಪಿಹೋದರೆ ಯಾರು ಹೊಣೆ?" ಎಂದು ನನ್ನ ಗೆಳೆಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಒಳ್ಳೆಯ ಯಂತ್ರದಿಂದ ವ್ಯತ್ಯಾಸ ಆಗುತ್ತದೆ, ಅದರಲ್ಲೂ ದಪ್ಪ ಮೈಯವರಲ್ಲಿ, ಡಾಪ್ಲರಿನಲ್ಲಿ. ದಿನಕ್ಕೆ ಹತ್ತು ಅಂಗರಚನೆಯ ಸ್ಕ್ಯಾನ್ ಮಾಡುವ, ಅದಕ್ಕೆಂದೇ ತರಬೇತಿ ಪಡೆದ ತಜ್ಞರು 20 ಲಕ್ಷವಲ್ಲ, 50 ಲಕ್ಷದ್ದು ಕೊಳ್ಳಲಿ. ಆದರೆ ನಾಲ್ಕು ಕೋಣೆಗಳನ್ನು ಹೊಂದಿದ ಹೃದಯವನ್ನು ಓದಲು ಕಲಿಯದ ಕಣ್ಣಿಗೆ ಬೆಲೆಬಾಳುವ ಪರದೆ ಏನೂ ಹೇಳುವುದಿಲ್ಲ. ಅಂಥ ಸ್ಕ್ಯಾನನ್ನು ಬಲ್ಲವರ ಬಳಿಗೆ ಕಳಿಸುವುದು ಸೋಲಲ್ಲ. ಕಳಿಸದಿರಲು ಯಂತ್ರವೇ ಕಾರಣವಾಗಿದ್ದರೆ ಅದು ನಿಜವಾದ ಸೋಲು.

ಹುಡುಗಿಗೆ ಕೊನೆಗೆ ಹೇಳಿದ್ದು ಇಷ್ಟು. ಡೆಮೋ ಕಂಪನಿಯ ಶೋರೂಮಿನಲ್ಲಿ ಬೇಡ, ನಿನ್ನ ಕ್ಲಿನಿಕ್ಕಿನಲ್ಲೇ ಆಗಲಿ. ಪ್ರೋಬು ಕಂಪನಿಯವರ ಕೈಯಲ್ಲಿರದೆ ನಿನ್ನ ಕೈಯಲ್ಲಿರಲಿ. ಮಲಗಿಸುವುದು ಅವರು ಕರೆತಂದ ತೆಳ್ಳಗಿನ ಹುಡುಗನನ್ನಲ್ಲ, ಒಪ್ಪಿದ ದಪ್ಪ ಮೈಯ ರೋಗಿಯನ್ನು. ಎಎಂಸಿಯಲ್ಲಿ ಸಾಮಾನ್ಯವಾಗಿ ಬಿಡಿಭಾಗ ಸೇರಿರುವುದಿಲ್ಲ, ಸಿಎಂಸಿಯಲ್ಲಿ ಸೇರಿರುತ್ತದೆ. ಆದರೆ ಸಿಎಂಸಿಯಲ್ಲೂ ಪ್ರೋಬನ್ನು ಹೊರಗಿಟ್ಟಿರಬಹುದು. ಕೈತಪ್ಪಿ ಬಿದ್ದರೆ ಒಳಗಿನ ಹರಳು ಒಡೆದು ಚಿತ್ರದಲ್ಲಿ ಕಪ್ಪು ಗೆರೆ ಬೀಳುತ್ತದೆ, ಆಗ ಹೊಸ ಪ್ರೋಬಿನ ಬೆಲೆ ಕೇಳಿ ಎದೆ ಧಸಕ್ಕೆನ್ನುತ್ತದೆ. ಆ ಬೆಲೆಯನ್ನು ಈಗಲೇ ಬರೆಸಿಕೋ. ಸರ್ವಿಸ್ ಎಂಜಿನಿಯರ್ ಹುಬ್ಬಳ್ಳಿಯಿಂದ ಬರುತ್ತಾನೋ ಬೆಂಗಳೂರಿನಿಂದಲೋ, ಅದನ್ನೂ. ಡಬ್ಬಿಯಲ್ಲಿ ತೋರಿಸಿದ ಯಾವ ಸೌಲಭ್ಯಕ್ಕೆ ಬೇರೆ ಲೈಸೆನ್ಸ್ ಹಣ ಕೊಡಬೇಕು, ಅದನ್ನೂ.

ವೈದ್ಯರಲ್ಲದ ನಿಮಗೆ ಒಂದೇ ಪ್ರಶ್ನೆ ಸಾಕು. ಮುಂದಿನ ಸಲ ಸ್ಕ್ಯಾನಿನ ಚೀಟಿ ಕೈಗೆ ಬಂದಾಗ, ಥಾಣೆಯಲ್ಲಿರಲಿ ಸಿಕಂದರಾಬಾದಿನಲ್ಲಿರಲಿ, ಜಗಳವಾಡದೆ ಕೇಳಿ: "ಡಾಕ್ಟ್ರೇ, ಇದರಲ್ಲಿ ಏನು ಕಂಡರೆ ಚಿಕಿತ್ಸೆ ಬದಲಾಗುತ್ತೆ?" ಉತ್ತರವಿದ್ದರೆ ನಿಶ್ಚಿಂತೆಯಿಂದ ಮಾಡಿಸಿಕೊಳ್ಳಿ. ಉತ್ತರದ ಬದಲು ಮಗುವಿನ ಮುಖದ ಫೋಟೋ ಕೊಡುವ ಮಾತು ಬಂದರೆ, ನೀವು ಯಾವ ಕಂತು ಕಟ್ಟುತ್ತಿದ್ದೀರಿ ಎಂದು ತಿಳಿದುಕೊಳ್ಳಿ.

ಅಣ್ಣನ ಮಗಳು ಎರಡೂ ಕಂಪನಿಗಳಿಗೆ ಬರೆದಳು: ಬಾಗಿದ ಪ್ರೋಬು ಮತ್ತು ಟಿವಿಎಸ್ ಸಾಕು, ಒಂದೊಂದು ಪ್ರೋಬಿನ ಬದಲಿ ಬೆಲೆ ಐದು ವರ್ಷಕ್ಕೆ ಲಿಖಿತವಾಗಿ ಕೊಡಿ. ಎಂಟು ಲಕ್ಷದವರು ಮೂರು ದಿನದಲ್ಲಿ ಬೆಲೆ ಕಳಿಸಿದರು. ಇಪ್ಪತ್ತು ಲಕ್ಷದವರು ಬೆಲೆ ಕಳಿಸಲಿಲ್ಲ, ಫೋರ್-ಡಿ ಮಗುವಿನ ವಿಡಿಯೋ ಇನ್ನೊಂದು ಕಳಿಸಿದ್ದಾರೆ.